ಬೆಂಕಿ ಮುಟ್ಟದ ಸಾಮಾನು

ಪಟ್ಟಿಯನ್ನು ಊಟದ ಶೆಡ್ಡಿನಲ್ಲಿ, ಕೈ ತೊಳೆಯುವ ನಲ್ಲಿಯ ಮೇಲೆಯೇ ಅಂಟಿಸಿದ್ದರು. ಓದದೆ ಹೋಗುವಂತಿರಲಿಲ್ಲ. ಬಗ್ಗಿ ಕೈ ತೊಳೆದವರು ತಲೆ ಎತ್ತಿದರೆ ಮೂಗಿಗೇ ತಾಗಬೇಕು, ಅಷ್ಟು ಕೆಳಗೆ.

ಮೇಲೆ ದಪ್ಪ ಅಕ್ಷರ: ನಾವೆಲ್ಲ ಒಂದೇ ಕುಟುಂಬ. ನಾಲ್ಕನೇ ಲೈನಿನ ಟೀಮ್ ಊಟ, ಶನಿವಾರ ಮಧ್ಯಾಹ್ನ. ಕೆಳಗೆ ಮೂವತ್ತೆಂಟು ಹೆಸರು. ಪ್ರತಿ ಹೆಸರಿನ ಮುಂದೆ ಯಾರು ಮನೆಯಿಂದ ಏನು ತರಬೇಕು ಅಂತ.

ಮಂಜಮ್ಮ ಖುಷಿಯಿಂದಲೇ ಓದತೊಡಗಿದಳು. ಆ ಲೈನಿನ ಲೀಡರ್ ಅವಳೇ. ರಾಜಲಕ್ಷ್ಮಮ್ಮ, ಚಿತ್ರಾನ್ನ. ಗಂಗಲಕ್ಷ್ಮಮ್ಮ, ಮೊಸರನ್ನ. ಅಶ್ವಿನಿ, ಒಬ್ಬಟ್ಟು. ಪಲಾವು, ಪಾಯಸ, ವಡೆ, ಬದನೆಕಾಯಿ ಪಲ್ಯ. ಬಾಯಲ್ಲಿ ನೀರು ಬಂತು. ಅವಳ ಹೆಸರೂ ಬಂತು. ಮಂಜಮ್ಮ, ಬಾಳೆಹಣ್ಣು ಎರಡು ಚಿಪ್ಪು.

ಬಾಳೆಹಣ್ಣೇನು ಕೆಟ್ಟ ಪದಾರ್ಥವಲ್ಲ. ಯಾರಾದರೂ ತರಲೇಬೇಕಲ್ಲ ಅಂದುಕೊಂಡಳು. ಕೆಳಗೆ ಇಳಿದಳು. ಲೋಹಿತಾ, ಚಿಪ್ಸ್ ಪ್ಯಾಕೆಟ್. ಇನ್ನೂ ಕೆಳಗೆ. ಕದಿರಮ್ಮ, ಪೇಪರ್ ತಟ್ಟೆ.

ಮತ್ತೆ ಮೇಲಿಂದ ಓದಿದಳು. ಮೂವತ್ತೈದು ಜನ ಒಲೆ ಹಚ್ಚಬೇಕು. ಮೂವರು ಅಂಗಡಿಗೆ ಹೋಗಬೇಕು.

ಆ ಮೂವರು ಯಾರು, ಯಾಕೆ ಆ ಮೂವರೇ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಹಿಂದಿನಿಂದ ಯಾರೋ, "ನೀರ್ ನಿಲ್ಸೇ ಮಂಜಮ್ಮ, ಟ್ಯಾಂಕ್ ಖಾಲಿ ಮಾಡ್ತೀಯಾ?" ಅಂದರು. ನಿಲ್ಲಿಸಿದಳು.

ಮಧುಗಿರಿಯಿಂದ ಕೊರಟಗೆರೆ ಕಡೆ ಹೋಗುವ ರಸ್ತೆಯಲ್ಲಿ ನೀಲಿ ಶೀಟಿನ ಉದ್ದನೆ ಕಟ್ಟಡ. ಗಾರ್ಮೆಂಟ್ ಅಂದರೆ ಸಾಕು, ಬಸ್ಸಿನವರು ನಿಲ್ಲಿಸುತ್ತಾರೆ. ಯಾವುದೋ ದೇಶದ ಮಕ್ಕಳಿಗೆ ಇಲ್ಲಿ ಅಂಗಿ ಹೊಲಿಯುತ್ತಾರೆ. ಎಂಟು ಲೈನು. ಒಬ್ಬಳು ಜೇಬು ಹೊಲಿದು ಮುಂದೆ ತಳ್ಳಿದರೆ ಇನ್ನೊಬ್ಬಳು ಭುಜ ಕೂಡಿಸುತ್ತಾಳೆ, ಮತ್ತೊಬ್ಬಳು ಕಾಲರ್, ಮತ್ತೊಬ್ಬಳು ಕಫ್. ನಡುವೆ ಒಬ್ಬಳ ಕೈ ನಿಧಾನವಾದರೆ ಅವಳ ಮುಂದೆ ಬಟ್ಟೆಯ ಗುಡ್ಡೆ ಬೀಳುತ್ತದೆ, ಅವಳ ಮುಂದಿನವರು ಬರಿಗೈಲಿ ಕೂರುತ್ತಾರೆ. ಆಗ ಇನ್‌ಚಾರ್ಜ್ ಬರುತ್ತಾನೆ. ಬಂಡಲ್ ಎತ್ತಿ ಮುಖದ ಮೇಲೆ ಎಸೆಯುತ್ತಾನೆ. "ಮನೇಲಿ ಬಿದ್ಕೊಂಡಿರೋದು ಬಿಟ್ಟು ಇಲ್ಯಾಕ್ ಬರ್ತೀರ" ಅನ್ನುತ್ತಾನೆ. ಬಚ್ಚಲಿಗೆ ಹೋದವಳು ಎಷ್ಟು ಹೊತ್ತಾಯಿತು ಅಂತ ಮೊಬೈಲಿನಲ್ಲಿ ಗಡಿಯಾರ ಒತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಎಂಟರಲ್ಲಿ ಏಳು ಲೈನು ಹೀಗೇ ನಡೆಯುವುದು.

ನಾಲ್ಕನೆಯದು ಹೀಗಿರಲಿಲ್ಲ. ಅದಕ್ಕೆ ಕಾರಣ ಮಂಜಮ್ಮ.

ಮಿಡಿಗೇಶಿ ಪಕ್ಕದ ಒಂದು ಹಳ್ಳಿಯ ಕಾಲೊನಿಯವಳು. ಎಂಟನೇ ಕ್ಲಾಸು. ಆರೂಮುಕ್ಕಾಲಿಗೆ ವ್ಯಾನು ಹತ್ತಬೇಕು. ಆರು ವರ್ಷದಿಂದ ಲೈನ್ ಲೀಡರ್. ಲೀಡರ್ ಅಂದರೆ ಕೆಲಸ ಸೂಪರ್‌ವೈಸರನದು, ಹೆಸರು ಟೈಲರನದು. ಕೂರಲು ಕುರ್ಚಿಯಿಲ್ಲ. ಬೆಳಗಿಂದ ಸಂಜೆಯವರೆಗೆ ಮೂವತ್ತೇಳು ಮಿಷನ್ನುಗಳ ನಡುವೆ ನಡೆಯುವುದು. ಮಂಡಿ ಚಿಪ್ಪಿನ ಹಿಂದೆ ನರ ಗಂಟು ಕಟ್ಟಿಕೊಂಡಿದೆ. ಎಡಗೈ ತೋರುಬೆರಳಿನ ಉಗುರನ್ನು ಸೂಜಿ ಎರಡು ಸಲ ಹಾಯ್ದು ಹೋಗಿದೆ. ನಾಲ್ಕನೇ ಲೈನಿನ ಸೂಪರ್‌ವೈಸರ್ ಬಿಟ್ಟು ಹೋಗಿ ಎರಡು ವರ್ಷ. ಆ ಜಾಗಕ್ಕೆ ಯಾರನ್ನೂ ಹಾಕಿಲ್ಲ. ಮಂಜಮ್ಮ ಇದ್ದಾಳಲ್ಲ.

ಆ ಎರಡು ವರ್ಷದಲ್ಲಿ ಅವಳು ಲೈನಿಗೆ ತಂದದ್ದು ಮುಯ್ಯಿ. ಹೊಲದ ಮುಯ್ಯಿ. ಇವತ್ತು ನಾನು ನಿನ್ನ ಕಡ್ಲೆಕಾಯಿ ಹೊಲಕ್ಕೆ ಕಳೆಗೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯಿಲ್ಲ. ಯಾರ ಹೊಲವೋ ಅವತ್ತು ಅವರ ಮನೆಯ ಊಟ. ಅದನ್ನೇ ಮಿಷನ್ನಿಗೆ ಹೊಂದಿಸಿದಳು. ಒಬ್ಬಳ ಮುಂದೆ ಗುಡ್ಡೆ ಬಿದ್ದರೆ ಬೈಯಬೇಡಿ, ಅಕ್ಕಪಕ್ಕದವರು ಐದೈದು ಎತ್ತಿಕೊಳ್ಳಿ. ಒಬ್ಬಳು ಬಚ್ಚಲಿಗೆ ಹೋದರೆ ಅವಳ ಮಿಷನ್ನಿಗೆ ನಾನು ಕೂರುತ್ತೇನೆ. ಹೊಟ್ಟೆನೋವಿನ ದಿನ ಒಬ್ಬಳಿಗೆ ಬಟನ್ ಕೆಲಸ ಸಾಕು, ಅವಳ ಕಾಲರ್ ಇನ್ನೊಬ್ಬಳು ಮಾಡಲಿ. ನಾಳೆ ಇವಳು ಅವಳದು. ಮೊದಮೊದಲು ಗೊಣಗಿದರು. ಮೂರು ತಿಂಗಳಾದ ಮೇಲೆ ಯಾರೂ ಗೊಣಗಲಿಲ್ಲ. ಲೈನಿನಲ್ಲಿ ಹಾಡು ಕೇಳತೊಡಗಿತು. ಯಾರೂ ತಲೆ ತಿರುಗಿ ಬೀಳಲಿಲ್ಲ. ಯಾರೂ ಕೆಲಸ ಬಿಟ್ಟು ಹೋಗಲಿಲ್ಲ. ಟಾರ್ಗೆಟ್ ಸಂಜೆ ನಾಲ್ಕೂವರೆಗೇ ಮುಗಿಯುತ್ತಿತ್ತು.

ಇದನ್ನು ನೋಡಲು ಬೆಂಗಳೂರಿಂದ ಕಂಪನಿಯ ದೊಡ್ಡವರು ಬಂದರು. "ಹೌ ಹೌ" ಅಂತ ಕೇಳಿದರು. ಮಂಜಮ್ಮ ಬಾಯಿ ತೆರೆಯುವಷ್ಟರಲ್ಲಿ ಇನ್‌ಚಾರ್ಜ್ ಪ್ರಸನ್ನಕುಮಾರ್ ಉತ್ತರ ಹೇಳಿದ. ಮುಂದಿನ ತಿಂಗಳು ಗೇಟಿನ ಒಳಗೆ ಅವನ ಫೋಟೋ ಬಂತು. ಕೈಯಲ್ಲಿ ಶೀಲ್ಡು. ಕೆಳಗೆ, ಉತ್ತಮ ತಂಡ ನಾಯಕ. ಪಕ್ಕದಲ್ಲೊಂದು ಬೋರ್ಡು, ಆರೋಗ್ಯಕರ ಕೆಲಸದ ವಾತಾವರಣ ನಮ್ಮ ಹೆಮ್ಮೆ. ಮಂಜಮ್ಮ ದಿನಾ ಅದರ ಕೆಳಗೇ ಬೆರಳೊತ್ತಿ ಒಳಗೆ ಹೋಗುವಳು.

ಅದಕ್ಕೂ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ನಮ್ಮ ಹೆಣ್ಣುಮಕ್ಕಳು ನೆಮ್ಮದಿಯಾಗಿ ಹೊಲಿಯುತ್ತಾರಲ್ಲ ಅಂದುಕೊಳ್ಳುವಳು. ಅದರಲ್ಲೂ ರಾಜಲಕ್ಷ್ಮಮ್ಮ. ಕಾಲರ್ ಕೂಡಿಸುವವಳು, ಹತ್ತು ಹಳ್ಳಿಯಾಚೆಯ ಗೌಡರ ಮನೆಯ ಸೊಸೆ. ಹೋದ ವರ್ಷ ಮೂರು ತಿಂಗಳ ಬಸುರಿ, ಮಿಷನ್ನಿನ ಮುಂದೆಯೇ ರಕ್ತ ಹೋಗಲು ಶುರುವಾಯಿತು. ಎದ್ದು ನಿಲ್ಲಲು ನಾಚಿಕೆಪಟ್ಟು ಹಾಗೇ ಕೂತು ಹೊಲಿಯುತ್ತಿದ್ದಳು. ಮಂಜಮ್ಮನೇ ನೋಡಿದ್ದು. ತನ್ನ ವೇಲು ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿ, ಬಚ್ಚಲಿಗೆ ಎತ್ತಿಕೊಂಡು ಹೋದ ಹಾಗೆ ಕರೆದುಕೊಂಡು ಹೋಗಿ, ಕಾಲು ತೊಳೆದು, ಆಸ್ಪತ್ರೆಗೆ ಕಳಿಸಿ, ವಾಪಸ್ಸು ಬಂದು ಆ ಸ್ಟೂಲನ್ನೂ ನೆಲವನ್ನೂ ಒರೆಸಿದಳು. ಹನ್ನೊಂದು ದಿನ ಅವಳ ಕಾಲರುಗಳನ್ನೆಲ್ಲ ತಾನೇ ಹೊಲಿದಳು. ರಾಜಲಕ್ಷ್ಮಮ್ಮ ವಾಪಸ್ಸು ಬಂದ ದಿನ ಇವಳ ಎರಡೂ ಕೈ ಹಿಡಿದುಕೊಂಡು ಅತ್ತಿದ್ದಳು. "ನೀನು ನಮ್ಮವ್ವ ಕಣೆ ಮಂಜಿ" ಅಂದಿದ್ದಳು.

ಹಾಗಂತ ಮಂಜಮ್ಮನಿಗೆ ಗೊತ್ತಿರಲಿಲ್ಲ ಅಂತಲ್ಲ. ಊಟದ ಹೊತ್ತಲ್ಲಿ ಎಲ್ಲರೂ ಒಂದೇ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಅವರ ಉಪ್ಪಿನಕಾಯಿ ಇವಳ ಡಬ್ಬಿಯ ಮುಚ್ಚಳಕ್ಕೆ ಬೀಳುತ್ತಿತ್ತು, ಮೇಲಿಂದ. ಇವಳ ಡಬ್ಬಿ ಅವರ ಕಡೆ ಸರಿದರೆ, "ಅಯ್ಯೋ ಒಟ್ಟೆ ತುಂಬೋಗೈತೆ ಕಣಮ್ಮ" ಅನ್ನುವರು. ಆರು ವರ್ಷದಿಂದ ದಿನಾ ಅವರ ಹೊಟ್ಟೆ ತುಂಬಿರುತ್ತಿತ್ತು. ಇವಳು ನಗುತ್ತಿದ್ದಳು. ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು. ಆದರೆ ಅದು ಬಾಯಲ್ಲಿ ಇದ್ದದ್ದು. ಈಗ ಕಾಗದದ ಮೇಲೆ ಬಂದಿದೆ, ಕಂಪನಿಯ ಸೀಲು ಹೊತ್ತು.

ಮಧ್ಯಾಹ್ನದ ಮೇಲೆ ಪ್ರಸನ್ನಕುಮಾರನ ಕ್ಯಾಬಿನ್ನಿಗೆ ಹೋದಳು. ಅಲ್ಲೇ ಎಚ್‌ಆರ್‌ನ ಸ್ಪಂದನಾ ಮೇಡಂ ಲ್ಯಾಪ್‌ಟಾಪ್ ಮುಂದೆ ಇದ್ದಳು, ತುಮಕೂರಿನ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು.

"ಬನ್ನಿ ಮಂಜಮ್ಮ, ಕೂತ್ಕೊಳ್ಳಿ" ಅಂದ ಪ್ರಸನ್ನಕುಮಾರ್. ಆರು ವರ್ಷದಲ್ಲಿ ಆ ಕುರ್ಚಿ ತೋರಿಸಿದ್ದು ಅದೇ ಮೊದಲು. "ನಾನೇ ಕರೆಸೋಣ ಅಂತಿದ್ದೆ. ಶನಿವಾರ ನಿಮ್ಮದೊಂದು ಅನೌನ್ಸ್‌ಮೆಂಟ್ ಇದೆ. ಸೂಪರ್‌ವೈಸರ್. ಲೆಟರ್ ಬಂದಿದೆ. ಬೆಂಗಳೂರಿಂದ ವೀಡಿಯೋದವರೂ ಬರ್ತಾರೆ. ಎರಡು ಒಳ್ಳೆ ಮಾತಾಡಿ."

ಮಂಜಮ್ಮ ಕೂರಲಿಲ್ಲ. "ಸಾರ್, ಆ ಊಟದ್ ಪಟ್ಟಿ ಯಾರ್ ಬರ್ದಿದ್ದು?"

"ಸ್ಪಂದನಾ ಮೇಡಂ. ಯಾಕೆ?"

ಸ್ಪಂದನಾ ತಲೆ ಎತ್ತಿದಳು. "ನಾನು ಟೈಪ್ ಮಾಡಿದ್ದು ಅಷ್ಟೇ ಸಾರ್. ಐಟಂ ನೀವೇ ಹೇಳಿದ್ರಲ್ಲ."

"ನಂಗೆ, ಲೋಹಿತಂಗೆ, ಕದಿರಮ್ಮಂಗೆ ಅಂಗ್ಡಿ ಸಾಮಾನು. ಮಿಕ್ಕಿದೋರ್ಗೆಲ್ಲ ಅಡುಗೆ. ಯಾಕ್ ಸಾರ್?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ದನಿ ಇಳಿಸಿದ.

"ನೋಡಿ ಮಂಜಮ್ಮ, ನನಗೆ ಅದೆಲ್ಲ ಇಲ್ಲ. ನಿಮ್ಮ ಕೈಯಲ್ಲಿ ಈಗಲೇ ಕಾಫಿ ಕೊಡಿ, ಕುಡೀತೀನಿ. ಆದ್ರೆ ಮೂವತ್ತೆಂಟು ಜನ. ಒಬ್ಬೊಬ್ರು ಒಂದೊಂದು ಥರ. ಕೆಲವರು ಬಂದು ಹೇಳಿದ್ರು, ಮನೇಲಿ ವ್ರತ, ಅತ್ತೆ ಇದ್ದಾರೆ ಅಂತ. ಕ್ಯಾಮೆರಾ ಮುಂದೆ ಯಾರೋ ನಿಮ್ಮ ಪಾತ್ರೆ ಬಿಟ್ಟು ಮುಂದೆ ಹೋದ್ರೆ ಅವಮಾನ ಯಾರಿಗೆ? ನಿಮಗೇ ತಾನೆ? ನಿಮ್ಮ ಮರ್ಯಾದೆ ಉಳಿಸೋಕೆ ಮಾಡಿದ್ದು ನಾನು. ಬಾಳೆಹಣ್ಣಾದ್ರೆ ಸಿಪ್ಪೆ ಇರುತ್ತೆ. ಯಾರೂ ಏನೂ ಅನ್ನಲ್ಲ."

ಸಿಪ್ಪೆ ಇರುತ್ತೆ. ಮಂಜಮ್ಮ ಆ ಮಾತನ್ನು ಒಂದು ಸಲ ಬಾಯೊಳಗೇ ಹೇಳಿಕೊಂಡಳು.

"ಲೋಹಿತಾ ವಿಷ್ಯ ನಿಮಗೆಂಗ್ ಗೊತ್ತಾಯ್ತು? ಆ ಮಗು ನನ್ ಬಿಟ್ಟು ಯಾರಿಗೂ ಏಳಿಲ್ಲ."

ಸ್ಪಂದನಾ ಸಣ್ಣಗೆ ಅಂದಳು, "ಟೈಲರಿಂಗ್ ಟ್ರೈನಿಂಗ್‌ಗೆ ಕೊಟ್ಟಿದ್ದ ಜಾತಿ ಸರ್ಟಿಫಿಕೇಟ್ ಫೈಲ್‌ನಲ್ಲಿತ್ತು."

"ಟೀಮ್ ಲೀಡರ್ ಅಂದ್ರೆ ಟೀಮ್ ಒಡೀಬಾರದು ಮಂಜಮ್ಮ" ಅಂದ ಪ್ರಸನ್ನಕುಮಾರ್. "ಎರಡು ಚಿಪ್ಪು ಬಾಳೆಹಣ್ಣು. ಅಷ್ಟೇ. ದೊಡ್ಡದು ಮಾಡಬೇಡಿ."

ಸಂಜೆ ಗೇಟಿನ ಹತ್ತಿರ ಲೋಹಿತಾ ಕಾಯುತ್ತಿದ್ದಳು. ಪಾವಗಡದಾಚೆ ಆಂಧ್ರದ ಗಡಿಯ ಹುಡುಗಿ, ಇಪ್ಪತ್ತೆರಡು ವರ್ಷ. ಮಧುಗಿರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ಮನೆಯೊಡತಿಗೆ ಅವಳು ಯಾರು ಅಂತ ಗೊತ್ತಿಲ್ಲ. ಗೊತ್ತಾದರೆ ಆ ಕೋಣೆ ಇರುವುದಿಲ್ಲ. ಮನೆಯೊಡತಿಯ ತಂಗಿ ಎರಡನೇ ಲೈನಿನಲ್ಲಿ ಬಟನ್ ಹಾಕುತ್ತಾಳೆ.

"ಅಕ್ಕಾ, ನೀನು ಕ್ಯಾಬಿನ್‌ಗೆ ಹೋಗಿದ್ದಂತೆ. ವದ್ದಕ್ಕಾ, ನಿನ್ ಕಾಲಿಗ್ ಬೀಳ್ತೀನಿ, ಬೇಡ. ಚಿಪ್ಸ್ ತಾನೆ, ತಂದಿಡ್ತೀನಿ. ಪಟ್ಟಿ ನೋಡ್ದೋರು ನಾನೇನೋ ಅಡುಗೆ ಬರದ ಹುಡ್ಗಿ ಅನ್ಕೊಂತಾರೆ ಅಷ್ಟೇ. ನೀನು ಬಾಯ್ ಬಿಟ್ರೆ ನಾನು ರಾತ್ರಿ ಎಲ್ಲಿ ಮಲ್ಗಲಿ?"

ಮಂಜಮ್ಮ ಅವಳ ತಲೆ ಸವರಿ ವ್ಯಾನು ಹತ್ತಿದಳು.

ಮನೆಯಲ್ಲಿ ಗಂಡ ತಿಪ್ಪೇಶನಿಗೆ ಹೇಳಿದಳು. ಅವನು ಟ್ರ್ಯಾಕ್ಟರ್ ಓಡಿಸಿ ಬಂದು ಕಾಲು ಚಾಚಿ ಕೂತಿದ್ದ. "ಬಾಳೆಣ್ಣು ತಗೊಂಡೋಗ್ ಅವ್ರ್ ಮಕದ್ ಮೇಲ್ ಬಿಸಾಕು, ಲೆಟರ್ ಈಸ್ಕೊಂಡ್ ಬಾ" ಅಂದ. "ಆರ್ ವರ್ಸ ಕಾಲ್ ನೋಯಿಸ್ಕೊಂಡಿದೀಯ. ಕುರ್ಚಿ ಕೊಡ್ತಾವ್ರೆ. ಕುಂತ್ಕೊಳೋದ್ ಬುಟ್ಟು ಪಟ್ಟಿ ಓದ್ಕೊಂಡ್ ನಿಂತವಳೆ."

ಅತ್ತೆ ಚಿಕ್ಕಹನುಮಕ್ಕ ಮೂಲೆಯಲ್ಲಿ ಹುರುಳಿಕಾಳು ಕೇರುತ್ತಿದ್ದಳು. ಮೊರ ನಿಲ್ಲಿಸಿದಳು.

"ಅದೇನೋ ಮುಯ್ಯಿ ಮುಯ್ಯಿ ಅಂತಿದ್ಯಲ್ಲ ಮಂಜಿ, ಅವರ್ ಜೊತೆ?"

"ಊಂ ಕಣತ್ತೆ. ಮುಯ್ಯಿನೇ."

"ನಂಗೆ ಎಪ್ಪತ್ತಾಯ್ತು. ಆ ಬೀದಿಯೋರು ಒಬ್ರಾದ್ರೂ ನಮ್ ಹೊಲುಕ್ಕೆ ಮುಯ್ಯಾಳು ಬಂದಿದ್ದು ನಾನ್ ಕಾಣೆ. ನಾವು ಅವರ ಹೊಲುಕ್ಕೆ ಓಗಿದ್ದು ಕೂಲಿಗೆ. ಬದಿನ್ ಮೇಲೆ ಕುಂತು ಬೊಗ್ಸೆ ಒಡ್ಡಿದ್ರೆ ಮೇಲಿಂದ ಉಯ್ತಿದ್ರು. ಮುಯ್ಯಿ ಅಂದ್ರೆ ಬರೀ ಕೈಯಲ್ಲ ಕಣಮ್ಮ, ಬಾಯೂ ಐತೆ ಅದ್ರಾಗೆ. ನಿನ್ ಮನೇಲಿ ನಾನುಂಡು ನನ್ ಮನೇಲಿ ನೀನುಂಡ್ರೆ ಅದು ಮುಯ್ಯಿ. ನೀನ್ ಮಾಡಿರೋದು ಬಿಟ್ಟಿ."

ಮೊರ ಮತ್ತೆ ಕುಣಿಯಿತು. ತಿಪ್ಪೇಶ, "ಈ ಮುದ್ಕಿ ಬಾಯಿಗಿಷ್ಟು" ಅಂತ ಎದ್ದು ಹೋದ. ಮಂಜಮ್ಮ ಮೊರದ ಮುಂದೆ ಬಂದು ಕೂತಳು. ಆಮೇಲೆ, "ಅತ್ತೆ, ಒಂದ್ ಪಾವ್ ಅಲ್ಲ, ಎರಡ್ ಸೇರ್ ಕೇರು" ಅಂದಳು.

ಶನಿವಾರ ವ್ಯಾನಿನೊಳಗೆ ಹುರುಳಿಕಾಳಿನ ಬಸ್ಸಾರಿನ ವಾಸನೆ. ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಬಾಯಿಗೆ ಬಟ್ಟೆ ಕಟ್ಟಿ, ಮಂಜಮ್ಮನ ತೊಡೆಯ ಮೇಲೆ. ಪಾತ್ರೆಯ ಬಿಸಿ ತೊಡೆ ಸುಡುತ್ತಿತ್ತು. ಕೆಳಗಿಡಲಿಲ್ಲ.

"ಏನಮ್ಮೋ, ಗಮ್ ಅಂತೈತೆ. ಗಾರ್ಮೆಂಟ್‌ಗೋ ಬೀಗರೂಟಕ್ಕೋ?" ಅಂದ ಡ್ರೈವರ್ ಚಿಕ್ಕರಂಗಯ್ಯ.

"ಮುಯ್ಯಿ ಊಟಕ್ಕೆ ಕಣಣ್ಣೋ."

"ನಂಗೂ ಒಂದ್ ಲೋಟ ಮಡಗಿರು ಮತ್ತೆ."

ವ್ಯಾನಿನಲ್ಲಿದ್ದ ಹೆಂಗಸರು ಕಿಟಕಿಯಾಚೆ ನೋಡುತ್ತಿದ್ದರು. ಎಲ್ಲರಿಗೂ ಅವತ್ತೇ ಮಧುಗಿರಿಯ ಬೆಟ್ಟ ಹೊಸದಾಗಿ ಕಂಡಿತು.

ಶೆಡ್ಡಿನಲ್ಲಿ ಬಲೂನು ಕಟ್ಟಿದ್ದರು. ಮೈಕು, ಬ್ಯಾನರು, ಕಾಲು ಚಾಚಿದ ಕ್ಯಾಮೆರಾ. ನಡುವೆ ಉದ್ದ ಟೇಬಲ್ಲಿನ ಮೇಲೆ ಪಾತ್ರೆಗಳ ಸಾಲು. ಸ್ಪಂದನಾ ಪಟ್ಟಿ ಹಿಡಿದು ಟಿಕ್ ಹಾಕುತ್ತಿದ್ದಳು.

"ಮಂಜಮ್ಮ, ಬಾಳೆಹಣ್ಣು?"

"ತಂದಿಲ್ಲ ಮೇಡಂ. ಬಸ್ಸಾರು ತಂದಿದೀನಿ."

ಸ್ಪಂದನಾ ಇನ್‌ಚಾರ್ಜ್ ಕಡೆ ನೋಡಿದಳು. ಅವನು ನಗುತ್ತಲೇ ಬಂದ. ನಗು ಕ್ಯಾಮೆರಾಕ್ಕೆ, ಮಾತು ಇವಳಿಗೆ. "ಅದನ್ನ ಆ ಪಕ್ಕದ ಟೇಬಲ್ ಮೇಲಿಡಿ. ಇಲ್ಲಿ ಜಾಗ ಇಲ್ಲ."

ಪಕ್ಕದ ಟೇಬಲ್ಲಿನ ಮೇಲೆ ದಾರದ ಖಾಲಿ ರಾಟೆಗಳು, ನೆಲ ಒರೆಸುವ ಬಟ್ಟೆ. ಮಂಜಮ್ಮ ಪಾತ್ರೆಯನ್ನು ನೆಲದ ಮೇಲೆ, ಎರಡು ಕಾಲುಗಳ ನಡುವೆ ಇಟ್ಟುಕೊಂಡು ನಿಂತಳು.

ಪ್ರಸನ್ನಕುಮಾರ್ ಮೈಕಿನಲ್ಲಿ ಮಾತಾಡಿದ. ತಂಡ ಅಂದರೆ ಏನು, ನಂಬಿಕೆ ಅಂದರೆ ಏನು, ಒಬ್ಬರ ನೋವು ಇನ್ನೊಬ್ಬರು ಅರಿಯುವುದು ಅಂದರೆ ಏನು. ಕಾಲು ಗಂಟೆ. "ಈಗ ನಮ್ಮ ಲೈನ್ ಲೀಡರ್, ಇನ್ನು ಐದು ನಿಮಿಷಕ್ಕೆ ಸೂಪರ್‌ವೈಸರ್, ಮಂಜಮ್ಮ ಎರಡು ಮಾತು" ಅಂದ. ಜೇಬಿನಿಂದ ಬಿಳಿ ಕವರ್ ಅರ್ಧ ಹೊರಗೆ ಇಣುಕುತ್ತಿತ್ತು. ಚಪ್ಪಾಳೆ. ಎಲ್ಲರಿಗಿಂತ ಜೋರು ರಾಜಲಕ್ಷ್ಮಮ್ಮನದು.

ಮಂಜಮ್ಮ ಮೈಕಿನ ಹತ್ತಿರ ಹೋಗಲಿಲ್ಲ. ಮೊದಲು ನಲ್ಲಿಯ ಹತ್ತಿರ ಹೋದಳು. ಗೋಡೆಯ ಪಟ್ಟಿಯನ್ನು ಕಿತ್ತುಕೊಂಡು ಬಂದಳು.

"ನಂಗೆ ಭಾಷಣ ಬರಲ್ಲ. ಇದನ್ನ ಓದ್ತೀನಿ" ಅಂದಳು.

ಓದಿದಳು. ಮೇಲಿಂದ, ಒಂದೊಂದೇ. ರಾಜಲಕ್ಷ್ಮಮ್ಮ, ಚಿತ್ರಾನ್ನ. ಗಂಗಲಕ್ಷ್ಮಮ್ಮ, ಮೊಸರನ್ನ. ಅಶ್ವಿನಿ, ಒಬ್ಬಟ್ಟು. ಹೆಸರು ಬಂದವರು ಮೊದಲು ನಕ್ಕರು. ಹತ್ತನೇ ಹೆಸರಿಗೆ ನಗು ನಿಂತಿತು. ಇಪ್ಪತ್ತನೆಯದಕ್ಕೆ ಫ್ಯಾನಿನ ಸದ್ದು ಕೇಳಿತು.

"ಮಂಜಮ್ಮ, ಬಾಳೆಹಣ್ಣು."

ಮುಂದಿನ ಹೆಸರು ಲೋಹಿತಾ. ಮಂಜಮ್ಮ ಅದನ್ನು ದಾಟಿಬಿಟ್ಟಳು. ಇನ್ನೂ ಕೆಳಗೆ ಬಂದು, "ಕದಿರಮ್ಮ, ಪೇಪರ್ ತಟ್ಟೆ" ಅಂದಳು. ಕದಿರಮ್ಮ ದಾರ ಕತ್ತರಿಸುವ ಮುದುಕಿ, ಕಿವಿ ಮಂದ. ಯಾಕೆ ತನ್ನ ಹೆಸರು ಅಂತ ಪಿಳಿಪಿಳಿ ನೋಡಿದಳು.

"ಮಿಕ್ಕಿದೋರೆಲ್ಲ ಒಲೆ ಹಚ್ಚಿದೀರ. ನಮಗೆ ಮಾತ್ರ ಬೆಂಕಿ ಮುಟ್ಟದ ಸಾಮಾನು. ಯಾಕೆ ಅಂತ ಕೇಳ್ದೆ. ಬಾಳೆಹಣ್ಣಿಗೆ ಸಿಪ್ಪೆ ಇರ್ತದೆ ಅಂದ್ರು ಸಾರ್."

"ಮಂಜಮ್ಮ!" ಪ್ರಸನ್ನಕುಮಾರ್ ಹೆಜ್ಜೆ ಮುಂದಿಟ್ಟ. ಕ್ಯಾಮೆರಾದವನು, "ಸಾರ್, ಇದೂ ಬೇಕಾ?" ಅಂದ. "ಆಫ್ ಮಾಡಯ್ಯಾ!"

ಆಗ ಹಿಂದಿನ ಸಾಲಿನಲ್ಲಿ ಲೋಹಿತಾ ಎದ್ದು ನಿಂತಳು. ಮುಂದಿನ ಬೆಂಚು ಹಿಡಿದುಕೊಂಡಿದ್ದಳು. "ನನ್ ಹೆಸ್ರು ಬಿಟ್ಟೆ ಅಕ್ಕಾ. ನಂದೂ ಓದು."

ಮಂಜಮ್ಮ ಅವಳನ್ನು ನೋಡಿದಳು. ಬೇಡ ಅನ್ನುವ ಹಾಗೆ ತಲೆಯಾಡಿಸಿದಳು.

"ಓದಕ್ಕಾ. ಒಂದ್ ಸಲ ಓದ್ಬಿಡು."

"ಲೋಹಿತಾ," ಅಂದಳು ಮಂಜಮ್ಮ. "ಚಿಪ್ಸ್ ಪ್ಯಾಕೆಟ್."

ಮೈಕಿನಲ್ಲಿ ಇನ್ನೊಂದು ಮಾತು ಹೇಳಬಹುದಿತ್ತು. ರಕ್ತ ಒರೆಸಿದಾಗ ಈ ಕೈಗೆ ಮೈಲಿಗೆ ಇರಲಿಲ್ಲ ಅನ್ನುವ ಮಾತು. ನಾಲಿಗೆಯ ತುದಿಗೇ ಬಂದಿತ್ತು. ರಾಜಲಕ್ಷ್ಮಮ್ಮ ತಲೆ ಬಗ್ಗಿಸಿ ಕೂತಿದ್ದಳು. ಹೆಣ್ಣಿನ ನೋವನ್ನು ಮೈಕಿಗೆ ಹಾಕಬಾರದು ಅಂತ ಮಂಜಮ್ಮ ನುಂಗಿಕೊಂಡಳು.

ಬಂದು ಪಾತ್ರೆ ಎತ್ತಿದಳು. ಉದ್ದ ಟೇಬಲ್ಲಿನ ಕಡೆ ನಡೆದಳು. ಎಂಟು ಸೇರಿನ ಪಾತ್ರೆ, ಸೊಂಟ ಜಗ್ಗುತ್ತಿತ್ತು. ಟೇಬಲ್ಲಿನ ನಟ್ಟನಡುವೆ, ಚಿತ್ರಾನ್ನಕ್ಕೂ ಒಬ್ಬಟ್ಟಿಗೂ ಮಧ್ಯೆ ಇಟ್ಟಳು.

ಕರ್ ಅಂತ ಒಂದು ಸದ್ದು. ಯಾರೋ ತಮ್ಮ ಸ್ಟೀಲ್ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡರು. ಮತ್ತೊಂದು. ಮತ್ತೆ ಮತ್ತೆ. ಕರ್, ಕರ್, ಕರ್. ಹಿಂದೆ ಕೂತವರು ಬಗ್ಗಿ ಕೈ ಚಾಚಿ ಎಳೆದುಕೊಂಡರು. ನೋಡನೋಡುತ್ತಿದ್ದಂತೆ ಬಸ್ಸಾರಿನ ಸುತ್ತ ಒಂದು ಮೊಳ ಬರೀ ಟೇಬಲ್ಲು.

"ಬಿಸಿ ಐತೆ. ಬರಾರು ಬನ್ನಿ" ಅಂದಳು ಮಂಜಮ್ಮ.

ಕದಿರಮ್ಮ ಬಂದಳು, ತಾನೇ ತಂದ ತಟ್ಟೆ ಹಿಡಿದು. ಲೋಹಿತಾ ಬಂದಳು. ಅಶ್ವಿನಿ ಅರ್ಧ ಎದ್ದಳು. ಪಕ್ಕದವಳು ಅವಳ ವೇಲು ಹಿಡಿದು ಎಳೆದಳು. ಕೂತಳು. ಸ್ಪಂದನಾ ಪೆನ್ನು ಹಿಡಿದು ನಿಂತೇ ಇದ್ದಳು, ಎಲ್ಲಿ ಟಿಕ್ ಹಾಕುವುದು ಅಂತ ತಿಳಿಯದವಳ ಹಾಗೆ. ರಾಜಲಕ್ಷ್ಮಮ್ಮ ಏಳಲಿಲ್ಲ.

ಮೂವರು ನಿಂತುಕೊಂಡೇ ಉಂಡರು. ಬಿಳಿ ಕವರ್ ಪ್ರಸನ್ನಕುಮಾರನ ಜೇಬಿನೊಳಕ್ಕೆ ಇಳಿದುಹೋಯಿತು. ಉಳಿದ ಸಾರನ್ನು ಸಂಜೆ ವ್ಯಾನಿನ ಹತ್ತಿರ ಚಿಕ್ಕರಂಗಯ್ಯ ಎರಡು ಲೋಟ ಕುಡಿದ. "ಇಷ್ಟ್ ಚೆಂದ ಮಾಡಿ ಇಷ್ಟ್ಯಾಕೆ ಉಳಿಸ್ಕೊಂಡ್ ಬಂದ್ರಮ್ಮ" ಅಂದ.

ಸೋಮವಾರ ಮಂಜಮ್ಮ ಲೀಡರಿನ ಹಳದಿ ಕೋಟನ್ನು ಮಡಚಿ ಪ್ರಸನ್ನಕುಮಾರನ ಟೇಬಲ್ಲಿನ ಮೇಲಿಟ್ಟಳು. ಖಾಲಿಯಿದ್ದ ಕಫ್ ಮಿಷನ್ನಿಗೆ ಹೋಗಿ ಕೂತಳು. ಆರು ವರ್ಷದ ಮೇಲೆ ತನ್ನದೇ ಅಂತ ಒಂದು ಮಿಷನ್ನಿಗೆ ಕೂತದ್ದು. ಪಕ್ಕದ ಮಿಷನ್ ರಾಜಲಕ್ಷ್ಮಮ್ಮನದು.

"ಇದೇನು ನಾಟಕ?" ಅಂದ ಅವನು.

"ನನ್ ಕಾರ್ಡ್‌ನಲ್ಲಿ ಟೈಲರ್ ಅಂತ ಐತೆ ಸಾರ್. ಟೈಲರ್ ಕೆಲ್ಸ ಮಾಡ್ತೀನಿ."

"ಲೈನ್ ಯಾರು ನೋಡ್ತಾರೆ?"

"ಉತ್ತಮ ತಂಡ ನಾಯಕ್ರು ಗೇಟಲ್ಲಿ ಅವ್ರೆ. ಕರೀರಿ."

ಲೋಹಿತಾ ಅವತ್ತು ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡೇ ಕೆಲಸಕ್ಕೆ ಬಂದಿದ್ದಳು. ಭಾನುವಾರ ಬೆಳಿಗ್ಗೆ ಮನೆಯೊಡತಿ, ಕೋಣೆಗೆ ಸುಣ್ಣ ಹೊಡೆಸಬೇಕು ಅಂದಿದ್ದಳಂತೆ. ಇನ್ನು ಮಂಜಮ್ಮನ ಮನೆಯ ಹಜಾರವೇ ಅವಳಿಗೆ. ಚೀಲ ಮಿಷನ್ನಿನ ಕೆಳಗಿತ್ತು.

ಹತ್ತು ಗಂಟೆಗೆ ಅಶ್ವಿನಿಯ ಮುಂದೆ ಗುಡ್ಡೆ ಬಿತ್ತು. ಅಕ್ಕಪಕ್ಕದವರು ಮಂಜಮ್ಮನ ಕಡೆ ನೋಡಿದರು. ಐದೈದು ಎತ್ತಿಕೊಳ್ಳಿ ಅನ್ನುವ ದನಿ ಬರಲಿಲ್ಲ. ಯಾರೂ ಎತ್ತಿಕೊಳ್ಳಲಿಲ್ಲ. ಹನ್ನೊಂದಕ್ಕೆ ಪ್ರಸನ್ನಕುಮಾರ್ ಬಂದ. ಬಂಡಲ್ ಹಾರಿತು. ಅಶ್ವಿನಿಯ ಮುಖಕ್ಕೆ ಬಡಿದು ಬಿತ್ತು. ಹುಡುಗಿ ಅಳುತ್ತ ಹೊಲಿದಳು, ಹೊಲಿಗೆ ಸೊಟ್ಟಗಾಯಿತು. ಬಚ್ಚಲಿನ ಬಾಗಿಲಲ್ಲಿ ಮತ್ತೆ ಮೊಬೈಲಿನ ಗಡಿಯಾರ ನಿಂತಿತು. ಎರಡು ವರ್ಷ ಕಟ್ಟಿದ್ದು, ಅರ್ಧ ದಿನ ಸಾಕಾಯಿತು.

ಮಂಜಮ್ಮನ ಕೈ ಚಡಪಡಿಸುತ್ತಿತ್ತು. ಆ ಹುಡುಗಿಯ ಐದು ಎತ್ತಿಕೊಂಡರೆ ಮುಗಿಯಿತು, ಎರಡು ನಿಮಿಷದ ಕೆಲಸ. ಕೈಯನ್ನು ಕಫ್ ಮೇಲೆ ಒತ್ತಿ ಹಿಡಿದಳು. ತನ್ನ ಮೇಲೇ ಸಿಟ್ಟು ಬಂತು. ಅವರ ಮೇಲೆ ಬಂತು. ಪೆಡಲ್ ತುಳಿದಳು.

ಊಟದ ಹೊತ್ತಿಗೆ ಅವಳು ಶೆಡ್ಡಿನ ಹೊರಗೆ, ಹೊಂಗೆ ಮರದ ಕೆಳಗೆ ಕೂತಳು. ಲೋಹಿತಾ, ಕದಿರಮ್ಮ ಆಗಲೇ ಉಂಡು ಎದ್ದಿದ್ದರು. ರಾಜಲಕ್ಷ್ಮಮ್ಮ ತನ್ನ ಡಬ್ಬಿ ಹಿಡಿದು ಬಂದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಮಂಜಿ, ನನ್ ಮ್ಯಾಲೆ ಕ್ವಾಪ ಐತಾ?"

ಮಂಜಮ್ಮ ಮುದ್ದೆ ಮುರಿದಳು.

"ನಾನೇ ಏಳಿದ್ದು ಕಣೆ ಇನ್‌ಚಾರ್ಜ್‌ಗೆ. ಸುಳ್ ಯಾಕ್ ಏಳ್ಲಿ. ನಮ್ಮತ್ತೆ ಎಂಗೆ ಅಂತ ನಿಂಗೇ ಗೊತ್ತು. ಅವರ್ ಕೈಯಿಂದ ಉಂಡೆ ಅಂತ ಗೊತ್ತಾದ್ರೆ ಒಲೆ ತಾವ ಸೇರ್ಸಲ್ಲ ನನ್ನ. ನಂಗೇನಿಲ್ಲ ಕಣೆ, ನಿನ್ ಆಣೆಗೂ ನಂಗೇನಿಲ್ಲ." ಕಣ್ಣು ಒರೆಸಿಕೊಂಡಳು. ಡಬ್ಬಿ ತೆರೆದು ಮುಂದೆ ಸರಿಸಿದಳು. ಚಿತ್ರಾನ್ನ. "ತಗೋ, ನಂದೇ ಉಣ್ಣು. ಪೂರ್ತಾ ಉಣ್ಣು. ನಾನ್ ಉಪಾಸ ಇರ್ತೀನಿ. ಬಂದು ಲೈನ್ ನೋಡ್ಕಳೇ. ಆ ಮಗು ಅಶ್ವಿನಿನ ನೋಡಾಕಾಗಲ್ಲ."

ಮಂಜಮ್ಮ ಆ ಡಬ್ಬಿ ನೋಡಿದಳು. ಚೆನ್ನಾಗಿ ಕಡ್ಲೆಬೀಜ ಹಾಕಿದ್ದಳು.

"ಕೊಡೋದು ನಿಮಗೇನ್ ಹೊಸದಾ ರಾಜಲಕ್ಷ್ಮಕ್ಕ? ನಿಮ್ಮತ್ತೆಯಂಥೋರು ನಮ್ಮತ್ತೆಗೆ ಕೊಟ್ಟವ್ರೆ. ಅವರತ್ತೆ ಇವರತ್ತೆಗೆ ಕೊಟ್ಟವ್ರೆ. ಕೊಟ್ಟು ಕೊಟ್ಟು ನಿಮ್ ಕೈ ಮೇಲೇ ಐತೆ." ತನ್ನ ಡಬ್ಬಿಯನ್ನು ಎತ್ತಿ ಅವಳ ಮುಂದೆ ಇಟ್ಟಳು. ಅರ್ಧ ಮುದ್ದೆ, ಸೊಪ್ಪಿನ ಸಾರು. "ಈಸ್ಕೊಳ್ಳಿ. ಒಂದ್ ತುತ್ತು. ಇಲ್ಲಿ ಯಾರೂ ಇಲ್ಲ, ನಿಮ್ಮತ್ತೆ ಇಲ್ಲ, ಕ್ಯಾಮೆರಾ ಇಲ್ಲ. ಒಂದೇ ತುತ್ತು ಉಂಡ್ರೆ ಈಗ್ಲೇ ಎದ್ದು ಬಂದು ಲೈನ್ ನೋಡ್ತೀನಿ."

ರಾಜಲಕ್ಷ್ಮಮ್ಮನ ಕೈ ಮುಂದೆ ಬಂತು. ಡಬ್ಬಿಯ ಅಂಚಿನವರೆಗೂ ಬಂತು. ಅಲ್ಲಿ ಬೆರಳುಗಳು ಮಡಚಿಕೊಂಡವು. ಬಿಚ್ಚಿಕೊಂಡವು. ಮತ್ತೆ ಮಡಚಿಕೊಂಡವು. ಆ ಬೆರಳುಗಳನ್ನು ಮಂಜಮ್ಮ ಬಲ್ಲಳು. ಬಚ್ಚಲಿನಲ್ಲಿ ತನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಿದ್ದ ಬೆರಳು ಅವು.

ಕಾದಳು. ಸಾರಿನ ಮೇಲೆ ಒಂದು ನೊಣ ಬಂದು ಕೂತಿತು. ಅದನ್ನು ಓಡಿಸಿ ಮತ್ತೆ ಕಾದಳು.

ಒಳಗೆ ಸೈರನ್ ಕೂಗಿತು.

ರಾಜಲಕ್ಷ್ಮಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನಾಳೆ ಕಣೆ ಮಂಜಿ" ಅಂದಳು, ತನಗೇ ಕೇಳದ ಹಾಗೆ.

ಮಂಜಮ್ಮ ಡಬ್ಬಿಯನ್ನು ವಾಪಸ್ಸು ತೆಗೆದುಕೊಂಡಳು. ಉಳಿದದ್ದನ್ನು ಅವಸರ ಮಾಡದೆ ಉಂಡಳು. ಬೆರಳು ನೆಕ್ಕಿದಳು. ತೊಳೆದಳು. ಲೈನಿಗೆ ಹೋಗಿ ತನ್ನ ಕಫ್‌ಗಳನ್ನು ಹೊಲಿದಳು. ಪಕ್ಕದ ಮಿಷನ್ನಿನ ಮುಂದೆ ಕಾಲರಿನ ಗುಡ್ಡೆ ಏರುತ್ತಿತ್ತು, ಮಂಜಮ್ಮನ ಮೊಣಕೈಗೆ ತಾಗುವಷ್ಟು ಏರಿತು. ಆ ಕಡೆ ತಿರುಗಬಾರದು ಅಂತ ಕುತ್ತಿಗೆಯನ್ನು ಬಿಗಿ ಹಿಡಿದು ಕೂತಿದ್ದಳು. ಸಂಜೆ ವ್ಯಾನಿನಲ್ಲಿ ಲೋಹಿತಾಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗಲೂ ಆ ಕುತ್ತಿಗೆ ಹಾಗೇ ಸೆಟೆದುಕೊಂಡಿತ್ತು.